ಗ್ರಾಫೀನ್ ಆಕ್ಸೈಡ್ ಮಾಡುವವರೇ, ಓವನ್‌ನಲ್ಲಿ ಹೊತ್ತಿಕೊಂಡ ಈ ಬ್ಯಾಚಿನ ಕಥೆ ಓದಿ

ಬಳ್ಳಾರಿಯ ಒಂದು ಕಾಲೇಜು ಲ್ಯಾಬಿನಲ್ಲಿ ಏಪ್ರಿಲ್ ಕೊನೆಗೆ ಮಾಡಿದ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಸೇರಿದ, ಅತಿ ತೆಳುವಾದ ಇಂಗಾಲದ ಹಾಳೆಗಳು) ರಾತ್ರಿ ಓವನ್‌ನಲ್ಲೇ ಹೊತ್ತಿಕೊಂಡಿತು. ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆಯಲ್ಲಿದ್ದ ಕಂದು ಪದರವೇ ಇಲ್ಲ, ಒಳಗೋಡೆಗೆಲ್ಲ ಮಸಿಯಂಥ ಹಗುರ ಪುಡಿ ಮೆತ್ತಿತ್ತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ರಾಯಚೂರು, ಕೊಪ್ಪಳದ ಕಡೆಯೂ ಎಂಎಸ್ಸಿ ಪ್ರಾಜೆಕ್ಟಿಗೆ ಇದೇ ದಾರಿ ಹಿಡಿಯುವವರಿದ್ದಾರೆ. ಅವರಿಗಾಗಿ ಎಲ್ಲೆಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ಹೇಳುತ್ತಿದ್ದೇವೆ.

ವಿಧಾನ 1958ರ ಹಮ್ಮರ್ಸ್ ವಿಧಾನ, ಅಂದರೆ ಗ್ರಾಫೈಟನ್ನು (ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲ) ಆಮ್ಲ, ಪರ್ಮ್ಯಾಂಗನೇಟಿನಿಂದ ಆಕ್ಸಿಡೈಸ್ ಮಾಡುವುದು. 1 ಗ್ರಾಂ ಗ್ರಾಫೈಟ್, 23 ಮಿಲಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ, ಅರ್ಧ ಗ್ರಾಂ ಸೋಡಿಯಂ ನೈಟ್ರೇಟ್, 3 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. (ನೈಟ್ರೇಟ್ ಬಿಟ್ಟರೂ ಕೆಲಸ ಆಗುತ್ತದೆ, ವಿಷದ ಕಂದು ಹೊಗೆಯೂ ತಪ್ಪುತ್ತದೆ.) ಇಲ್ಲಿ ಎಲ್ಲವನ್ನೂ ಐದು ಪಟ್ಟು ತೆಗೆದುಕೊಂಡಿದ್ದರು. ಆಗ ಹುಟ್ಟುವ ಶಾಖವೂ ಐದು ಪಟ್ಟು, ಆದರೆ ಅದನ್ನು ಹೊರಬಿಡುವ ಪಾತ್ರೆಯ ಮೈ ಸುಮಾರು ಮೂರು ಪಟ್ಟು ಮಾತ್ರ.

ಪರ್ಮ್ಯಾಂಗನೇಟ್ ಆಮ್ಲಕ್ಕೆ ಬಿದ್ದೊಡನೆ ಹಸಿರು ಬಣ್ಣ ತಿರುಗುತ್ತದೆ. ಅಲ್ಲಿ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್ 55 ಡಿಗ್ರಿ ದಾಟಿದರೆ ಸ್ಫೋಟಿಸಬಲ್ಲದು, ಅಸಿಟೋನ್ ತಾಕಿದರೆ ತಣ್ಣಗಿರುವಾಗಲೂ ಹೊತ್ತಿಕೊಳ್ಳುತ್ತದೆ. ಅಸಿಟೋನಿನಲ್ಲಿ ತೊಳೆದ ಫ್ಲಾಸ್ಕನ್ನು ಪೂರ್ತಿ ಒಣಗಿಸದೆ ಬಳಸಲೇಬೇಡಿ. ಮಿಶ್ರಣ 20 ಡಿಗ್ರಿ ಮೀರಬಾರದು. ಥರ್ಮಾಮೀಟರ್ ಇರಬೇಕಾದದ್ದು ಮಿಶ್ರಣದಲ್ಲಿ, ಐಸ್ ತೊಟ್ಟಿಯಲ್ಲಲ್ಲ. ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬಿಸಿ, ಐಸ್ ನೋಡನೋಡುತ್ತ ಕರಗುತ್ತದೆ. ಈ ಬ್ಯಾಚಿನಲ್ಲಿ ಅರ್ಧದಲ್ಲೇ ಐಸ್ ಮುಗಿದು, ಉಳಿದ ಪುಡಿಯನ್ನು ಅವಸರದಲ್ಲಿ ಸುರಿದರು, ಮಿಶ್ರಣ 40 ಡಿಗ್ರಿಗೆ ಏರಿತು. 1 ಗ್ರಾಂ ಬ್ಯಾಚಿಗೂ ನಾಲ್ಕು ಕಿಲೋ ಐಸ್, ಉಪ್ಪು ತಂದಿಟ್ಟುಕೊಳ್ಳಿ. ಬೆಳಗಿನ ಹೊತ್ತೇ ಶುರು ಮಾಡಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಮುಕ್ಕಾಲು ಗಂಟೆ ಹಾಕಿ. ಕರೆಂಟ್ ಹೋಗಿ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ನಿಂತರೆ ಪುಡಿ ಹಾಕುವುದನ್ನೂ ನಿಲ್ಲಿಸಿ.

ಮುಂದೆ 35 ಡಿಗ್ರಿಯಲ್ಲಿ ಅರ್ಧ ಗಂಟೆ ಕಲಕಿ, 46 ಮಿಲಿ ನೀರನ್ನು ಹನಿ ಹನಿಯಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ಆಮ್ಲ ಕುದಿದು ಮುಖಕ್ಕೆ ಸಿಡಿಯುತ್ತದೆ. 98 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು, 140 ಮಿಲಿ ನೀರು ಸೇರಿಸಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಬಂಗಾರದ ಹಳದಿ ಬಂದರೆ ಸರಿ, ಕಪ್ಪಾಗಿಯೇ ಉಳಿದರೆ ಗ್ರಾಫೈಟ್ ಸರಿಯಾಗಿ ಆಕ್ಸಿಡೈಸ್ ಆಗಿಲ್ಲ.

ಬ್ಯಾಚ್ ನಿಜವಾಗಿ ಕೆಟ್ಟದ್ದು ತೊಳೆಯುವಾಗ. ಡಿಸ್ಟಿಲ್ಡ್ ವಾಟರ್ ಸಾಲದೆ ಬೋರ್‌ವೆಲ್ ನೀರು ಬಳಸಿದರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಗ್ರಾಫೀನ್ ಆಕ್ಸೈಡಿನ ಹಾಳೆಗಳನ್ನು ಒಂದಕ್ಕೊಂದು ಹೆಣೆದು ಗಂಟು ಕಟ್ಟಿಸುತ್ತವೆ. ಗಂಟು ಬೇಗ ತಳ ಸೇರಿದ್ದಕ್ಕೆ ತೊಳೆಯುವುದು ಮುಗಿಯಿತು ಎಂದುಕೊಂಡರು. ಚೆನ್ನಾಗಿ ತೊಳೆದದ್ದು ತಳ ಸೇರುವುದಿಲ್ಲ. ಆಮ್ಲ ಕಳೆದು ಪಿಎಚ್ ಏರಿದಂತೆ ಅದು ಉಬ್ಬಿ, ಲೋಳೆಯಾಗಿ, ಸೆಂಟ್ರಿಫ್ಯೂಜಿಗೂ (ವೇಗವಾಗಿ ತಿರುಗಿಸಿ ಗಟ್ಟಿಯನ್ನು ದ್ರವದಿಂದ ಬೇರ್ಪಡಿಸುವ ಯಂತ್ರ) ಜಗ್ಗದೆ ಕಾಡುತ್ತದೆ. ಆ ಕಾಟವೇ ಒಳ್ಳೆಯ ಗುರುತು. ಮೊದಲು ಹತ್ತರಲ್ಲೊಂದು ಪಾಲಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ಮೂರು ಸಲ ತೊಳೆದು ಲೋಹದ ಲವಣ ತೆಗೆಯಬೇಕು. ಆಮೇಲೆ ಡಿಸ್ಟಿಲ್ಡ್ ವಾಟರ್ ಮಾತ್ರ. ತೊಳೆದ ನೀರಿಗೆ ಒಂದು ಹನಿ ಬೇರಿಯಂ ಕ್ಲೋರೈಡ್ ಬಿಟ್ಟು ನೋಡಿ, ಬಿಳಿ ಬಂದರೆ ಸಲ್ಫೇಟ್ ಇನ್ನೂ ಇದೆ.

ಓವನ್ ಹೊತ್ತಿದ್ದಕ್ಕೂ ಇದೇ ಬೇರು. ಪೊಟ್ಯಾಸಿಯಂ ಲವಣ ಉಳಿದ ಗ್ರಾಫೀನ್ ಆಕ್ಸೈಡ್ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಅದು ಕಾದು ಆಮ್ಲಜನಕ ಕಳೆದುಕೊಳ್ಳುವಾಗ ತಾನೇ ಶಾಖ ಬಿಡುತ್ತದೆ. ಪದರ ದಪ್ಪವಿದ್ದರೆ ಆ ಶಾಖ ಒಳಗೇ ಕೂಡಿ ಕ್ರಿಯೆ ಕೈಮೀರುತ್ತದೆ. ಇವರು ದಪ್ಪ ಪದರವನ್ನೇ, ಬೇಗ ಒಣಗಲಿ ಎಂದು, 150 ಡಿಗ್ರಿಗೆ ಇಟ್ಟುಹೋಗಿದ್ದರು. ತೆಳ್ಳಗೆ ಹರಡಿ 45–50 ಡಿಗ್ರಿಯಲ್ಲಿ ಒಣಗಿಸಿ. ಅದಕ್ಕಿಂತಲೂ ಒಳ್ಳೆಯದು ನೀರಿನಲ್ಲೇ ಇಡುವುದು.

ಬರೀ ವಿದ್ಯುತ್ ಹರಿಸುವ ಗ್ರಾಫೀನ್ ಇಂಕ್ ಬೇಕಿದ್ದರೆ ಇಷ್ಟೆಲ್ಲ ಬೇಡ. ಗ್ರಾಫೈಟನ್ನು ಸೋಪಿನಂಥ ಸರ್ಫ್ಯಾಕ್ಟೆಂಟ್ ಬೆರೆಸಿದ ನೀರಿನಲ್ಲಿ ಜೋರಾಗಿ ಕಡೆದು, ಸೆಂಟ್ರಿಫ್ಯೂಜಿಗೆ ಹಾಕಿ, ಮೇಲಿನ ಬೂದು ದ್ರವ ತೆಗೆದುಕೊಳ್ಳಿ. ಸಿಗುವುದು ಕಡಿಮೆ, ಆದರೆ ಆಮ್ಲ, ಪರ್ಮ್ಯಾಂಗನೇಟಿನ ಭಯವಿಲ್ಲ.

ಹಮ್ಮರ್ಸ್ ವಿಧಾನವನ್ನೇ ಮಾಡಿದರೆ, ತೊಳೆದ ಆಮ್ಲದ ನೀರನ್ನು ಬಾಟಲಿಯಲ್ಲಿ ಮುಚ್ಚಳ ಬಿಗಿದು ಇಡಬೇಡಿ. ಉಳಿದ ಪೆರಾಕ್ಸೈಡ್ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಬಾಟಲಿ ಉಬ್ಬಿ ಒಡೆಯುತ್ತದೆ.