ಹೊಳೆಗೆ ಮಹಾಕಾಮ್, ಜಗಲಿಗೆ ಬಾತಾಂಗ್ ಆಯಿ

ಬೋರ್ನಿಯೋಗೆ ಹೋಗಬೇಕು, ದಾಯಕ್ ಜನರ ಊರು ನೋಡಬೇಕು, ಯಾವ ಕಡೆ ಹೋಗೋದು ಅಂತ ಕೇಳಿದವರಿಗೆಲ್ಲ ನನ್ನದು ಒಂದೇ ಮರುಪ್ರಶ್ನೆ. ಜೊತೆಗೆ ಬರುವವರು ಮೀನು ತಿನ್ನುತ್ತಾರಾ? ನಗಬೇಡಿ. ನಮ್ಮನೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಹಾಗಾಗಿ ನಮ್ಮ ಎರಡೂ ಪ್ರವಾಸದಲ್ಲಿ ಅರ್ಧ ತಲೆಬಿಸಿ ಊಟದ್ದೇ ಆಗಿತ್ತು.

2023ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾ ಕಡೆಯ ಮಹಾಕಾಮ್ ನದಿಗೆ ಹೋಗಿದ್ದೆವು. ಮುಂದಿನ ವರ್ಷ ಜೂನ್‌ನಲ್ಲಿ ಮಲೇಷ್ಯಾದ ಸರಾವಾಕ್ ರಾಜ್ಯದ ಬಾತಾಂಗ್ ಆಯಿ ನದಿ ಕಡೆಗೆ. ನಡುವೆ ಒಂದು ದಿನ ಅದೇ ರಾಜ್ಯದ ರಾಜಾಂಗ್ ನದಿಯಲ್ಲೂ ಓಡಾಡಿದೆವು. ಎಲ್ಲ ಒಂದೇ ದ್ವೀಪ, ಎಲ್ಲ ಕಡೆ ದಾಯಕ್ ಊರುಗಳು. ಆದರೆ ದಾಯಕ್ ಅಂದರೆ ಒಂದು ಜಾತಿಯ ಹೆಸರಲ್ಲ. ಇಬಾನ್, ಬಿದಾಯು, ಕೆನ್ಯಾಹ್, ಬೆನುಆಕ್ ಅಂತ ಹತ್ತಾರು ಜನಾಂಗಗಳಿಗೆ ಹೊರಗಿನವರು ಒಟ್ಟಾಗಿ ಇಟ್ಟ ಹೆಸರು. ಭಾಷೆಯೂ ಬೇರೆ ಬೇರೆ. ಇದು ಗೊತ್ತಿಲ್ಲದೆ ಹೋಗಿ, ಮಹಾಕಾಮ್‌ನಲ್ಲಿ ಕಲಿತ ನಾಲ್ಕು ಮಾತನ್ನು ಸರಾವಾಕ್‌ನಲ್ಲಿ ಆಡಿ ನಗೆಪಾಟಲಾಗಿದ್ದೇನೆ.

ಮೊದಲು ಮಹಾಕಾಮ್. ಸುಮಾರು 980 ಕಿ.ಮೀ. ಉದ್ದದ ನದಿ. ಸಮಾರಿಂದಾ ಪಟ್ಟಣದ ಸುಂಗಾಯ್ ಕುಂಜಾಂಗ್ ಅನ್ನೋ ಧಕ್ಕೆಯಿಂದ ಬೆಳಿಗ್ಗೆ ಏಳಕ್ಕೆಲ್ಲ ಹಡಗು ಬಿಡುತ್ತದೆ. ಹಡಗು ಅಂದೆ, ನಿಜಕ್ಕೂ ಅದು ಎರಡು ಮಹಡಿಯ ಮರದ ದೋಣಿ. ನಮ್ಮ ಹಳ್ಳಿ ಬಸ್ಸಿನ ಹಾಗೆ ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುತ್ತದೆ. ಕೆಳಗೆ ಅಕ್ಕಿ ಮೂಟೆ, ಮೊಟ್ಟೆ ಟ್ರೇ, ಬೈಕು, ಕೋಳಿ. ಮೇಲೆ ಹಾಸಿಗೆ ಸಾಲು. ಚಪ್ಪಲಿ ಬಿಟ್ಟು ಹತ್ತಿ, ಮಲಗಿಕೊಂಡೇ ನದಿ ನೋಡಬಹುದು. ಹಿಂದುಗಡೆ ಅಡುಗೆಮನೆ, ಅದರ ಪಕ್ಕದಲ್ಲೇ ಪಾಯಿಖಾನೆ, ಎರಡಕ್ಕೂ ಅದೇ ನದಿ ನೀರು. ಅದನ್ನು ನೋಡಿದ ಮೇಲೆ ನಮ್ಮನೆಯವರು ಸಂಜೆವರೆಗೆ ಬಾಳೆಹಣ್ಣು, ಬಿಸ್ಕತ್ತಿನಲ್ಲೇ ಕಾಲ ಹಾಕಿದರು.

ಆದರೂ ಆ ಒಂದು ದಿನಕ್ಕಾಗಿಯೇ ನಾನು ಇನ್ನೊಮ್ಮೆ ಹೋಗಲು ತಯಾರಿದ್ದೇನೆ. ಮಾಡಲು ಏನೂ ಇಲ್ಲ. ಫೋನಿಗೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ದಡದ ಮನೆಗಳೆಲ್ಲ ನೀರಿನ ಕಡೆಗೆ ಮುಖ ಮಾಡಿವೆ. ಒಬ್ಬಳು ಪಾತ್ರೆ ತೊಳೆಯುತ್ತಿರುತ್ತಾಳೆ, ಪಕ್ಕದಲ್ಲಿ ಮಗು ಈಜುತ್ತಿರುತ್ತದೆ. ಎದುರಿನಿಂದ ಬೆಟ್ಟದಷ್ಟು ಕಲ್ಲಿದ್ದಲು ಹೊತ್ತ ಬಾರ್ಜ್ ಬರುತ್ತದೆ. ಒಂದಲ್ಲ, ಸಾಲುಸಾಲು. ಫೋಟೋಗಳಲ್ಲಿ ಕಾಣುವ ಕಗ್ಗಾಡು ಇಲ್ಲಿ ಸಿಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. 1982-83ರಲ್ಲಿ, ಮತ್ತೆ 1997-98ರಲ್ಲಿ ಈ ಪ್ರಾಂತ್ಯದ ಕಾಡಿಗೆ ಭಾರೀ ಬೆಂಕಿ ಬಿದ್ದಿತ್ತು. ಉಳಿದದ್ದರಲ್ಲಿ ಒಂದಷ್ಟನ್ನು ಗಣಿ ಮತ್ತು ತಾಳೆ ತೋಟ ತಿಂದವು. ದೊಡ್ಡ ಕಾಡು ಬೇಕಿದ್ದರೆ ಲಾಂಗ್ ಬಗುನ್ ಅನ್ನೋ ಊರು ದಾಟಿ ಇನ್ನೂ ಮೇಲಕ್ಕೆ ಹೋಗಬೇಕು. ಅಲ್ಲಿಯ ಮಳೆ ಕಮ್ಮಿಯ ತಿಂಗಳುಗಳಲ್ಲಿ ನೀರು ಇಳಿದಾಗ ಹಡಗು ಅಷ್ಟು ದೂರ ಹತ್ತುವುದಿಲ್ಲ. ಆ ಆಗಸ್ಟ್‌ನಲ್ಲಿ ನೀರು ಇಳಿದೇ ಇತ್ತು.

ದಾರಿಯಲ್ಲಿ ಮುಆರಾ ಕಾಮಾನ್ ಅನ್ನೋ ಊರು ಬರುತ್ತದೆ. ನೋಡಲು ಏನೂ ವಿಶೇಷ ಇಲ್ಲ. ಆದರೆ ಇಂಡೊನೇಷ್ಯಾದ ಅತಿ ಹಳೆಯ ಶಾಸನಗಳು ಸಿಕ್ಕಿದ್ದು ಅಲ್ಲೇ. ಯೂಪ ಅಂದರೆ ಯಜ್ಞದ ಕಂಬ. ಅಂಥ ಏಳು ಕಲ್ಲು ಕಂಬಗಳ ಮೇಲೆ ಸಂಸ್ಕೃತ, ಪಲ್ಲವ ಲಿಪಿಯಲ್ಲಿ. ಕಾಲ ಸುಮಾರು ಕ್ರಿ.ಶ. 400, ಅಂದರೆ ನಮ್ಮ ಹಲ್ಮಿಡಿಯ ಆಸುಪಾಸು. ಮೂಲವರ್ಮ ಅನ್ನೋ ರಾಜ ಬ್ರಾಹ್ಮಣರಿಗೆ 20 ಸಾವಿರ ಗೋವು ಕೊಟ್ಟ ಅಂತ ಅದರಲ್ಲಿದೆ. ಅವನ ಅಜ್ಜನ ಹೆಸರು ಮಾತ್ರ ಕುಂಡುಂಗ, ಅದು ಸ್ಥಳೀಯ ಹೆಸರೇ. ಮೂಲ ಕಲ್ಲುಗಳು ಜಕಾರ್ತಾದಲ್ಲಿವೆ. ತೆಂಗಾರೋಂಗ್ ಮ್ಯೂಸಿಯಮ್ಮಿನಲ್ಲಿ ನಕಲು ಇಟ್ಟಿದ್ದಾರೆ. ಹಿಂದಿನ ದಿನವೇ ಹೋಗಿ ನೋಡಿದ್ದೆವು. ಅಷ್ಟು ದೂರ ಬಂದು ಗೋದಾನದ ಲೆಕ್ಕ ಓದುತ್ತಾ ನಿಂತಾಗ ತಮಾಷೆ ಅನ್ನಿಸಿತು.

ಮುಆರಾ ಮುಂತಾಯಿ ಮುಟ್ಟಿದಾಗ ರಾತ್ರಿ ಎಂಟೂವರೆ ದಾಟಿತ್ತು. ಊರಿನ ಬೀದಿಗಳೆಲ್ಲ ನೀರಿನ ಮೇಲೆ ಹಾಸಿದ ಉಲಿನ್ ಮರದ ಹಲಗೆ. ಬೈಕ್ ಹೋದರೆ ಇಡೀ ಬೀದಿ ತಬಲಾ ಬಾರಿಸಿದ ಹಾಗೆ ಸದ್ದು. ಬೆಳಿಗ್ಗೆ 'ಚೆಸ್' ಅನ್ನುವ ಕಿರಿದಾದ ಮೋಟರ್ ದೋಣಿ ಮಾಡಿಕೊಂಡು ಜೆಂಪಾಂಗ್ ಸರೋವರ ದಾಟಿ ತಂಜುಂಗ್ ಇಸುಯ್‌ಗೆ ಹೋದೆವು. ನೀರು ಕಮ್ಮಿ, ಕಳೆ ಜಾಸ್ತಿ. ಮೂರು ಸಲ ಎಂಜಿನ್ನಿಗೆ ಬಳ್ಳಿ ಸುತ್ತಿಕೊಂಡು ದೋಣಿ ನಿಂತೇಹೋಯಿತು. ದೋಣಿಯವನು ಒಂದು ಸಿಗರೇಟು ಹಚ್ಚಿ, ನಿಧಾನಕ್ಕೆ ಬಗ್ಗಿ ಬಿಡಿಸುತ್ತಿದ್ದ. ಪೆಸುಟ್ ಅನ್ನೋ ನದಿ ಡಾಲ್ಫಿನ್ ಕಾಣಲೇ ಇಲ್ಲ. ಇಡೀ ನದಿಯಲ್ಲಿ ಅವು ಇರುವುದೇ ನೂರಕ್ಕಿಂತ ಕಮ್ಮಿ. ಕೊಕ್ಕರೆ, ಮಿಂಚುಳ್ಳಿ ಮಾತ್ರ ಬೇಕಾದಷ್ಟು.

ತಂಜುಂಗ್ ಇಸುಯ್‌ನಲ್ಲಿ ಬೆನುಆಕ್ ಜನ. ಲಾಂಗ್‌ಹೌಸ್‌ಗೆ, ಅಂದರೆ ಹಲವು ಸಂಸಾರ ಒಂದೇ ಸೂರಿನಡಿ ಇರುವ ಉದ್ದನೆಯ ಮನೆಗೆ, ಇಲ್ಲಿ 'ಲಾಮಿನ್' ಅನ್ನುತ್ತಾರೆ. ಊರಿನ ಹಳೆಯ ಲಾಮಿನ್‌ನಲ್ಲಿ ಯಾರೂ ಸಂಸಾರ ಮಾಡುವುದಿಲ್ಲ, ಅದೀಗ ಬಂದವರು ಉಳಿಯುವ ಜಾಗ. ಮುಂದೆ ಕೆತ್ತಿದ ಮರದ ಕಂಬಗಳು. ದುಡ್ಡು ಕೊಟ್ಟರೆ ಕುಣಿತ ಏರ್ಪಾಡು ಮಾಡುತ್ತೇವೆ ಅಂದರು. ನಾವಿಬ್ಬರೇ ಕೂತು, ಎದುರು ಹತ್ತು ಜನ ಕುಣಿಯೋದನ್ನು ನೆನೆಸಿಕೊಂಡೇ ಮುಜುಗರವಾಗಿ ಬೇಡ ಅಂದೆವು. ಸಂಜೆ ಜನ ಮಾತಾಡಿಸಲು ಬಂದರು. ಏನು ಮಾತಾಡೋದು? ನನ್ನ ಇಂಡೊನೇಷ್ಯನ್ ಭಾಷೆ "ಹಾರ್ಗಾ ಎಷ್ಟು" ಅಲ್ಲಿಗೆ ಮುಗಿಯುತ್ತದೆ. (ಹಾರ್ಗಾ ಅಂದರೆ ಬೆಲೆ, ನಮ್ಮ ಅರ್ಘದಿಂದ ಹೋದ ಪದ. ಗಂಡನಿಗೆ 'ಸುಆಮಿ', ಅಂದರೆ ಸ್ವಾಮಿ! ಇದನ್ನು ನಮ್ಮನೆಯವರಿಗೆ ಹೇಳಿದ್ದೇ ತಪ್ಪಾಯಿತು.) ಹತ್ತು ನಿಮಿಷ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು, ಆಮೇಲೆ ಅವರು ಟೀವಿ ಕಡೆ ಹೋದರು, ನಾವು ಸೊಳ್ಳೆಪರದೆ ಒಳಗೆ.

ಒಂದು ಅಜ್ಜಿಯ ಹತ್ತಿರ ಮಾತ್ರ ಭಾಷೆಯ ಹಂಗಿಲ್ಲದೆ ಅರ್ಧ ದಿನ ಕೂತಿದ್ದೆ. ಡೋಯೋ ಅನ್ನೋ ಗಿಡದ ಎಲೆಯಿಂದ ನಾರು ತೆಗೆದು ಬಟ್ಟೆ ನೇಯುತ್ತಾರೆ, 'ಉಲಾಪ್ ಡೋಯೋ' ಅಂತ ಅದರ ಹೆಸರು. ನೀರಲ್ಲಿ ಎಲೆ ಹಾಕಿ ಕೆರೆದು, ನಾರು ಬಿಡಿಸಿ, ತೊಡೆಯ ಮೇಲೆ ಹೊಸೆಯುವುದು. ಬಾಳೆನಾರು ಹೊಸೆದು ಹೂ ಕಟ್ಟಿದ ಕೈ ನನ್ನದು, ಸ್ವಲ್ಪ ಬಂತು. ಅಜ್ಜಿ ನನ್ನ ನಾರನ್ನು ನೋಡಿ, ಮೆಲ್ಲಗೆ ಬಿಚ್ಚಿ, ಮತ್ತೆ ಹೊಸೆದರು.

ಮಾರನೇ ದಿನ ಓಹೋಂಗ್ ಹೊಳೆಯಲ್ಲಿ ಮಂಚೋಂಗ್ ಲಾಮಿನ್‌ವರೆಗೆ ಹೋದೆವು. ರಸ್ತೆಯಲ್ಲಿ ಬೈಕ್ ಮೇಲೂ ಹೋಗಬಹುದು, ಬೇಗ ಆಗುತ್ತದೆ, ಹಾಗೆ ಮಾತ್ರ ಮಾಡಬೇಡಿ. ಮಹಾಕಾಮ್ ಪ್ರವಾಸದಲ್ಲಿ ನಿಜವಾದ ಮರಗಳ ನೆರಳು, ಉದ್ದಮೂಗಿನ ಮಂಗ ಎಲ್ಲ ಸಿಕ್ಕಿದ್ದು ಆ ಸಣ್ಣ ಹೊಳೆಯಲ್ಲೇ.

ಬಾತಾಂಗ್ ಆಯಿ ಲೆಕ್ಕವೇ ಬೇರೆ. ಇಲ್ಲಿಗೆ ನಾವೇ ಸುಮ್ನೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ. ಕುಚಿಂಗ್‌ನಿಂದ ಗೈಡ್ ಮಾಡಿಕೊಂಡು ಹೋದೆವು. ಅವನೂ ಅಲ್ಲಿಯವರ ಹಾಗೆ ಇಬಾನ್ ಹುಡುಗ. ಖರ್ಚು ಮಹಾಕಾಮ್‌ಗಿಂತ ಮೂರುಪಟ್ಟು ಬಂತು. ಕಾರಿನಲ್ಲಿ ನಾಲ್ಕೂವರೆ ಗಂಟೆ ದಾರಿ. ನಡುವೆ ಲಾಚಾವ್ ಅನ್ನೋ ಪುಟ್ಟ ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಮನೆಗಳಿಗೆ ಹಂಚಲು ಬಿಸ್ಕತ್ತು, ಸಕ್ಕರೆ ತಗೊಳ್ಳಿ ಅಂದ. ಬರಿಗೈಯಲ್ಲಿ ಹೋಗಬಾರದು ಅನ್ನುವುದು ಅಲ್ಲೂ ಇದೆ.

ಕಾರಿನಿಂದ ಇಳಿದರೆ ಎದುರಿಗೆ ದೊಡ್ಡ ಸರೋವರ. ಆಹಾ ಅನ್ನುವಷ್ಟರಲ್ಲಿ ಗೈಡ್, ಇದು ಅಣೆಕಟ್ಟಿನ ನೀರು, 1985ರಲ್ಲಿ ಕಟ್ಟಿ ಮುಗಿಸಿದರು, ಕೆಳಗೆ ನಮ್ಮವರ ಲಾಂಗ್‌ಹೌಸ್‌ಗಳಿದ್ದವು ಅಂದ. 20ಕ್ಕೂ ಹೆಚ್ಚು ಲಾಂಗ್‌ಹೌಸ್‌ಗಳ ಜನ ಎದ್ದುಹೋಗಬೇಕಾಯಿತಂತೆ. ನಾನು ಸಾಗರದ ಕಡೆಯವಳು. ಲಿಂಗನಮಕ್ಕಿಯ ಮುಳುಗಡೆ ಕಥೆ ಕೇಳುತ್ತಲೇ ಬೆಳೆದವಳು. ಅದನ್ನು ಅವನಿಗೆ ಹೇಳಿದೆ. ರಾತ್ರಿ ಅದನ್ನೇ ಅವನು ಊರವರಿಗೆಲ್ಲ ಹೇಳಿದ. ನಮ್ಮ ಪರಿಚಯ ಶುರುವಾಗಿದ್ದೇ ಅಲ್ಲಿಂದ.

ದೋಣಿ ಸರೋವರ ದಾಟಿ ಡೆಲೋಕ್ ಹೊಳೆ ಹತ್ತಿತು. ಮುಂದೆ ಗಳ ಹಿಡಿದವನೊಬ್ಬ, ಹಿಂದೆ ಎಂಜಿನ್ ಹಿಡಿದವನೊಬ್ಬ. ನೀರು ತಿಳಿ, ತಳದ ಕಲ್ಲು ಕಾಣುತ್ತದೆ, ಎರಡು ಕಡೆ ಕಾಡು ಬಾಗಿದೆ. ಮಹಾಕಾಮ್‌ನಲ್ಲಿ ಹುಡುಕಿದ್ದು ಇಲ್ಲಿ ಮೂಗಿನ ಮುಂದೆಯೇ ಇತ್ತು. ಆದರೆ ಒಂದೂವರೆ ಗಂಟೆಯಲ್ಲಿ ಮುಗಿದುಹೋಯಿತು. ಅದರಲ್ಲೂ ಎರಡು ಕಡೆ ಇಳಿದು ದೋಣಿ ನೂಕಿದೆವು.

ಲಾಂಗ್‌ಹೌಸ್ ಅಂದರೆ ಕಂಬಗಳ ಮೇಲೆ ನಿಂತ ವಠಾರ ಅಂದುಕೊಳ್ಳಿ. ಸಾಲಾಗಿ ಒಂದೊಂದು ಸಂಸಾರಕ್ಕೆ ಒಂದೊಂದು ಬಾಗಿಲು, ಒಳಗಿನ ಭಾಗ 'ಬಿಲಿಕ್'. ಎಲ್ಲ ಬಾಗಿಲ ಮುಂದೆ ಈ ತುದಿಯಿಂದ ಆ ತುದಿವರೆಗೆ ಒಂದೇ ಜಗಲಿ, ಅದು 'ರುಆಯ್'. ಅದರಾಚೆ ಬಿಸಿಲಿಗೆ ಒಣಗಿಸುವ ಅಟ್ಟಣೆ, 'ತಾಂಜು'. ಮನೆ ಎಷ್ಟು ದೊಡ್ಡದು ಅಂತ ಕೇಳಿದರೆ ಇಷ್ಟು ಬಾಗಿಲು ಅನ್ನುತ್ತಾರೆ. ಯಜಮಾನನಿಗೆ 'ತುಆಯ್ ರುಮಾ'. ಮೊದಲು ಅವರ ಬಾಗಿಲ ಮುಂದೆ ಹೋಗಿ ಕೂರಬೇಕು.

ತಾಂಜು ನೋಡಿದ ತಕ್ಷಣ ನನಗೆ ನಮ್ಮನೆ ಅಂಗಳವೇ ಕಂಡಿತು. ಚಾಪೆ ತುಂಬ ಕಾಳುಮೆಣಸು! ಮಲೇಷ್ಯಾದ ಮೆಣಸು ಬೆಳೆಯುವುದೇ ಹೆಚ್ಚಾಗಿ ಸರಾವಾಕ್‌ನಲ್ಲಿ. ನಾವು ಬಳ್ಳಿಯನ್ನು ಅಡಿಕೆ ಮರಕ್ಕೆ ಹಬ್ಬಿಸುತ್ತೇವೆ, ಅವರು ಗಟ್ಟಿ ಮರದ ಗೂಟಕ್ಕೆ ಹಬ್ಬಿಸುತ್ತಾರೆ. ಬಿಳಿ ಮೆಣಸಿಗೆ ಹಣ್ಣನ್ನು ಚೀಲದಲ್ಲಿ ತುಂಬಿ ಹೊಳೆಯಲ್ಲಿ ನೆನೆಹಾಕಿ ಸಿಪ್ಪೆ ಬಿಡಿಸುತ್ತಾರೆ. ನಮ್ಮನೆಯವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಾಳು ಬಾಯಿಗೆ ಹಾಕಿ, ಸೊರಗು ರೋಗ ಇದೆಯಾ, ರೇಟು ಎಷ್ಟು ಅಂತ ಗೈಡ್ ಮೂಲಕ ವಿಚಾರಣೆಗೆ ಇಳಿದರು. ಎರಡು ಗಂಟೆ ಎದ್ದೇಳಲಿಲ್ಲ. ಅಲ್ಲಿಯ ಅಜ್ಜಿಯರು ಎಲೆಅಡಿಕೆ ಹಾಕುವವರು ಅಂತ ಗೊತ್ತಾದ ಮೇಲಂತೂ ಮುಗಿದೇಹೋಯಿತು.

ರಾತ್ರಿ ರುಆಯ್ ಮೇಲೆ ತುವಾಕ್ ಬಂತು, ಅಕ್ಕಿಯಿಂದ ಮಾಡಿದ ಕಳ್ಳು. ಕೊಟ್ಟದ್ದನ್ನು ಪೂರ್ತಿ ಬೇಡ ಅಂದರೆ ಕೇಡು ಅನ್ನೋ ನಂಬಿಕೆ ಇಬಾನರಲ್ಲಿದೆ. ತಿನ್ನದವರು, ಕುಡಿಯದವರು ತಟ್ಟೆಯನ್ನೋ ಲೋಟವನ್ನೋ ಬೆರಳಲ್ಲಿ ಮುಟ್ಟಿದರೆ ಸಾಕು. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆ ಪದ್ಧತಿ ಇನ್ನೆಲ್ಲೂ ನೋಡಿಲ್ಲ. ಬಿದಿರಿನಲ್ಲಿ ಬೆಂದ ಕೋಳಿ, ಹಂದಿ ಎಲ್ಲವನ್ನೂ ನಮ್ಮನೆಯವರು ಮುಟ್ಟಿ ನಮಸ್ಕಾರ ಹಾಕಿದರು. ಊಟಕ್ಕೆ ಅನ್ನ, ಕಳಲೆ, ಮಿಡಿನ್ ಅನ್ನೋ ಜರಿಗಿಡದ ಚಿಗುರು, ಹುಳಿ ಬದನೆಯ ಸಾರು. ಹೌದು, ಅಲ್ಲಿ ಹುಳಿ ಇರುವ ಬದನೆಯೇ ಇದೆ. ಗೈಡ್‌ಗೆ ಮೊದಲೇ ಹೇಳಿದ್ದರಿಂದ ಒಣಸಿಗಡಿಯ ಬೆಲಾಚಾನ್ ಹಾಕಿರಲಿಲ್ಲ. ಮಹಾಕಾಮ್ ಕಡೆ ಇದೇ ಸಾಮಾನು 'ತೆರಾಸಿ' ಅನ್ನೋ ಹೆಸರಲ್ಲಿ ಸೊಪ್ಪಿನ ಪಲ್ಯ, ಚಟ್ನಿ ಎಲ್ಲದರಲ್ಲೂ ಇರುತ್ತದೆ. ಅಲ್ಲಿ ನಮ್ಮನೆಯವರನ್ನು ಉಳಿಸಿದ್ದು ಹುದುಗಿಸಿದ ಸೋಯಾ ಕಾಳಿನ ಟೆಂಪೆ, ತೋಫು ಮತ್ತು ಶಿವಮೊಗ್ಗದಿಂದ ಒಯ್ದ ಚಟ್ನಿಪುಡಿ.

ತುಆಯ್ ರುಮಾ ಅವರ ಎರಡು ಭುಜದ ಮೇಲೂ ಹಚ್ಚೆ. ಯಾವ ಹೂವು ಅಂದೆ. ಬದನೆ ಹೂವು ಅಂದರು. ಹುಡುಗರು ಊರು ಬಿಟ್ಟು ದುಡಿಯಲು ಹೊರಡುವ ಮೊದಲು ಹಾಕಿಸಿಕೊಳ್ಳುತ್ತಿದ್ದ ಗುರುತಂತೆ. ಈಗಿನ ಹುಡುಗರು ದುಡಿಯಲು ಕುಚಿಂಗ್‌ಗೋ ಸಿಂಗಾಪುರಕ್ಕೋ ಹೋಗುತ್ತಾರೆ, ಗವಾಯ್ ಹಬ್ಬಕ್ಕೆ ಜೂನ್ 1ಕ್ಕೆ ಬರುತ್ತಾರೆ. ನಾವು ಹೋಗಿದ್ದು ಹಬ್ಬ ಮುಗಿದ ವಾರ. ಅರ್ಧ ಬಾಗಿಲಿಗೆ ಬೀಗ.

ಇಲ್ಲೂ ಕುಣಿತ ಇತ್ತು, ಆದರೆ ಕೊನೆಗೆ ನಮ್ಮನ್ನೂ ಎಬ್ಬಿಸಿ ಕುಣಿಸಿದ್ದರಿಂದ ಮುಜುಗರ ಹಂಚಿಹೋಯಿತು. ಇಷ್ಟವಾಗದ್ದು ಆಮೇಲಿನದು. ಒಬ್ಬೊಬ್ಬರೂ ಚಾಪೆ ಹಾಸಿ ಬುಟ್ಟಿ, ಮಣಿಸರ, ನೇಯ್ದ ಬಟ್ಟೆ ಇಟ್ಟು ಸಾಲಾಗಿ ಕೂತರು. ಕೊಳ್ಳುವವರು ನಾವಿಬ್ಬರೇ. ಒಬ್ಬರ ಹತ್ತಿರ ತಗೊಂಡರೆ ಪಕ್ಕದವರ ಮುಖ ನೋಡೋದು ಹೇಗೆ? ಕೊನೆಗೆ ನಾಲ್ಕು ಜನರಿಂದ ನಾಲ್ಕು ಬುಟ್ಟಿ ಬಂದವು, ಅದರಲ್ಲಿ ಮೂರು ಇನ್ನೂ ಅಟ್ಟದಲ್ಲಿವೆ.

ರಾಜಾಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಬು ಪಟ್ಟಣದಿಂದ ಕಾಪಿತ್‌ಗೆ ಎಕ್ಸ್‌ಪ್ರೆಸ್ ದೋಣಿ, ಮೂರು ಗಂಟೆ. ರೆಕ್ಕೆ ಕಿತ್ತ ವಿಮಾನದ ಹಾಗಿದೆ, ಒಳಗೆ ಮೈ ನಡುಗಿಸುವ ಏಸಿ, ಕಿವಿ ಕಿತ್ತುಹೋಗುವ ಟೀವಿ. ಈಗ ಕಾಪಿತ್‌ವರೆಗೆ ರಸ್ತೆ ಆಗಿದೆ, ದೋಣಿಗಳು ಕಮ್ಮಿಯಾಗುತ್ತಿವೆ. ಕಾಪಿತ್‌ನಲ್ಲಿ 1880ರ ಮರದ ಕೋಟೆಯೊಂದಿದೆ, ಗೋಡೆ ಮೇಲೆ ಯಾವ ವರ್ಷದ ನೆರೆ ಎಲ್ಲಿವರೆಗೆ ಬಂತು ಅನ್ನೋ ಗುರುತುಗಳಿವೆ. ಅದೊಂದಕ್ಕೆ ಹೋಗಬಹುದು. ಪ್ರವಾಸಿಯಾಗಿ ದಾಯಕ್ ಊರು ನೋಡಲು ಈ ದಾರಿ ಹಿಡಿಯಬೇಡಿ.

ಮಕ್ಕಳು, ವಯಸ್ಸಾದವರು, ಸಸ್ಯಾಹಾರಿಗಳು ಜೊತೆಗಿದ್ದರೆ ಕಣ್ಣುಮುಚ್ಚಿ ಬಾತಾಂಗ್ ಆಯಿ. ಎರಡು ರಾತ್ರಿ ಇರಿ, ಒಂದು ಸಾಲದು. 2023ರ ಡಿಸೆಂಬರ್‌ನಿಂದ ಮಲೇಷ್ಯಾಕ್ಕೆ ನಮಗೆ ವೀಸಾ ಬೇಡವಾಗಿದೆ, ಆದರೆ ಹೊರಡುವ ಮೊದಲು ಈಗಿನ ನಿಯಮ ನೋಡಿಕೊಳ್ಳಿ. ಕ್ವಾಲಾಲಂಪುರದಿಂದ ಬಂದರೂ ಸರಾವಾಕ್‌ನಲ್ಲಿ ಇನ್ನೊಮ್ಮೆ ಪಾಸ್‌ಪೋರ್ಟ್ ನೋಡುತ್ತಾರೆ, ಗಾಬರಿ ಬೇಡ. ಇಂಡೊನೇಷ್ಯಾಕ್ಕೆ ನಾವು ಇಳಿದ ಮೇಲೆ 5 ಲಕ್ಷ ರುಪಿಯಾ ಕೊಟ್ಟು ವೀಸಾ ತಗೊಂಡಿದ್ದೆವು.

ಮಹಾಕಾಮ್‌ಗೆ ಹೋಗುವವರು ಕನಿಷ್ಠ ಆರು ದಿನ ಇಟ್ಟುಕೊಳ್ಳಿ, ಹೊರಡುವ ಮೊದಲು ಒಂದು ತಿಂಗಳು ಭಾಷೆ ಕಲಿಯಿರಿ. ನಾನು ಈಗ ಅದನ್ನೇ ಮಾಡುತ್ತಿದ್ದೇನೆ. ಅಲ್ಲಿಯ ಮುಂದಿನ ಮಳೆಗಾಲದಲ್ಲಿ ನೀರು ಏರಿದಾಗ ಲಾಂಗ್ ಬಗುನ್‌ವರೆಗೆ ಹೋಗುವ ಆಸೆ ಇದೆ, ಹಡಗಿನಲ್ಲೇ ಎರಡು ದಿನ. ನಮ್ಮನೆಯವರು ಆ ಅಡುಗೆಮನೆ ನೆನೆಸಿಕೊಂಡು, ನೀನು ಹೋಗಿ ಬಾ, ನಾನು ಮೆಣಸು ಕೊಯ್ಲು ನೋಡಿಕೊಳ್ಳುತ್ತೇನೆ ಅಂದಿದ್ದಾರೆ.