ಬಚ್ಚಲ ಹಿಂದಿನ ಡೇರೆ: 2,800 ರೂಪಾಯಿಯ ಹೈಡ್ ಹೇಗಿದೆ?

ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ, ಹಕ್ಕಿ ನೋಡುವವರು ಹೋಗುವ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ತಂಗುದಾಣದಲ್ಲಿ, ಹಕ್ಕಿಗಳು ನೀರಿಗಿಳಿಯುವುದನ್ನು ನೋಡಿ ಬಂದ ಮೇಲೆ ನನಗೆ ಹುಚ್ಚು ಹತ್ತಿತು. ಶಿರಸಿ ಹತ್ತಿರದ ನಮ್ಮನೆ ಹಿತ್ತಿಲಲ್ಲೂ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುವ ಸಣ್ಣ ಕಾಲುವೆ ಇದೆ. ಸಂಜೆ ನಾಲ್ಕೂವರೆ ಆಯ್ತು ಅಂದರೆ ಪಿಕಳಾರ, ಮಡಿವಾಳ, ಹರಟೆಮಲ್ಲ ಪಾಳಿ ಹಚ್ಚಿ ಮೀಯುತ್ತವೆ. ಕ್ಯಾಮೆರಾ ಹಿಡಿದು ಹೊರಗೆ ಕಾಲಿಟ್ಟರೆ ಮಾತ್ರ ಒಂದೂ ಇಲ್ಲ. ಹಾಗಾಗಿ ಹೋದ ನವೆಂಬರಿನಲ್ಲಿ ಆನ್‌ಲೈನಿನಲ್ಲಿ ಒಂದು ಹೈಡ್ ತರಿಸಿದೆ. ಅಡಗಿ ಕೂರುವ ಡೇರೆ, ಅಷ್ಟೇ.

ಚೀಲದಿಂದ ತೆಗೆದರೆ ಫಟ್ ಅಂತ ತಾನೇ ಬಿಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಉಕ್ಕಿನ ಪಟ್ಟಿ ಹೊಲಿದಿದ್ದಾರೆ. ಮಡಚುವುದು ಬೇರೆಯೇ ಕಥೆ. ನಾನು, ಯಜಮಾನರು, ಅಡಿಕೆ ಕೊನೆ ಕೊಯ್ಯಲು ಬಂದವರು, ಮೂವರೂ ಸೇರಿ ಅರ್ಧ ಗಂಟೆ ಗುದ್ದಾಡಿದೆವು. ನಮ್ಮತ್ತೆ ನಗು ತಡೆಯಲಾಗದೆ ಒಳಗೆ ಹೋದರು.

ಹಕ್ಕಿ ಹೆದರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ದಿನ ಹೆದರಿದವು. ಎರಡು ದಿನ ಖಾಲಿ ಡೇರೆಯನ್ನು ಹಾಗೇ ಬಿಟ್ಟೆ. ಮೂರನೇ ದಿನ ಮಡಿವಾಳ ಅದರ ನೆತ್ತಿಯ ಮೇಲೇ ಕೂತು ಬಾಲ ಕುಣಿಸಿತು. ಬಟ್ಟೆಯ ಮೇಲಿನ ಎಲೆ ಚಿತ್ರ ಯಾವುದೋ ಚಳಿ ದೇಶದ್ದು, ನಮ್ಮ ತೋಟದ ಒಂದು ಗಿಡಕ್ಕೂ ಹೋಲುವುದಿಲ್ಲ. ಹಕ್ಕಿಗಳಿಗೆ ಅದೇನೂ ಲೆಕ್ಕಕ್ಕಿಲ್ಲ. ಅವು ಗಮನಿಸುವುದು ಅಲುಗಾಟ, ಸದ್ದು. ಕಿಟಕಿಯ ವೆಲ್ಕ್ರೋ ಪರ್ ಅಂತ ಎಳೆದರೆ ಕಾಲುವೆ ಖಾಲಿ. ಈಗ ಮೊದಲೇ ಎಲ್ಲ ತೆರೆದಿಟ್ಟು, ಲೆನ್ಸಿನ ಸುತ್ತ ಹಳೇ ಹಸಿರು ಸೀರೆಯ ತುಂಡು ಇಳಿಬಿಡುತ್ತೇನೆ.

ದೊಡ್ಡ ದೋಷ ಕಿಟಕಿಯ ಎತ್ತರ. ಕುರ್ಚಿಯಲ್ಲಿ ಕೂತವರಿಗೆ ಸರಿ. ಆದರೆ ಡಿಸೆಂಬರಿನ ಒಂದು ಸಂಜೆ ನವರಂಗ ಬಂತು. ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿ ಅದು, ನೆಲದ ಮೇಲೇ ಓಡಾಟ. ದರಕು (ಉದುರಿದ ಒಣ ಎಲೆ) ಕೆದರುತ್ತಾ, ಹುಳ ಹೆಕ್ಕುತ್ತಾ, ನನ್ನಿಂದ ಹನ್ನೆರಡು ಅಡಿಗೆ ಬಂದು ನಿಂತಿತು. ಹೊಟ್ಟೆ ಕೆಳಗಿನ ಆ ಕೆಂಪು! ನನಗೆ ಸಿಕ್ಕಿದ್ದು ಮೇಲಿನಿಂದ ತೆಗೆದ ಬೆನ್ನು. ಕೆಳಗೆ ಮಣೆಯ ಮೇಲೆ ಕೂತರೆ ಕಿಟಕಿ ತಲೆಗಿಂತ ಮೇಲೆ. ರಾತ್ರಿಯೇ ಕತ್ತರಿ ತಗೊಂಡು ನೆಲದಿಂದ ಒಂದು ಗೇಣು ಎತ್ತರಕ್ಕೆ ಕಿಂಡಿ ಕೊರೆದೆ. ಪೇಟೆಯ ದರ್ಜಿ ಅದಕ್ಕೆ ಅಂಚು ಹೊಲಿದು ಕೊಟ್ಟ, ಯಾಕೆ ಏನು ಅಂತ ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ನವರಂಗ ಮತ್ತೆ ಬಂತು. ಈ ಸಲ ಕಣ್ಣಿಗೆ ಕಣ್ಣು ಸಿಕ್ಕಿತು.

ಅಡಿಕೆ ಮರಗಳ ನೆರಳಲ್ಲಿ ಸಂಜೆ ಬೆಳಕು ತೀರಾ ಕಡಿಮೆ. ನನ್ನ ಲೆನ್ಸ್ 300 ಎಂಎಂ, ಅದರ ಕಿಂಡಿ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 1/125 ದಾಟುವುದಿಲ್ಲ. ನಿಂತ ಹಕ್ಕಿಗೆ ಸಾಕು. ರೆಕ್ಕೆ ಒದರುವಾಗ ಹಾರುವ ಹನಿ ಹಿಡಿಯಲು 1/1000 ಬೇಕು, ಅದಕ್ಕೆ ಬೆಳಗ್ಗೆ ಒಂಬತ್ತರ ಬಿಸಿಲು ಬೀಳುವ ಜಾಗವೇ ಗತಿ. ಇದು ಡೇರೆಯ ತಪ್ಪಲ್ಲ ಬಿಡಿ.

ಮಾರ್ಚ್ ಬಂದ ಮೇಲೆ ಒಳಗೆ ಸೆಕೆ, ಸೊಳ್ಳೆ. ಮಳೆಗಾಲದಲ್ಲಿ ಪ್ರಯೋಜನವೇ ಇಲ್ಲ, ನೀರು ಸೋರುತ್ತದೆ, ಉಂಬಳ (ಜಿಗಣೆ) ತೆವಳಿ ಬರುತ್ತವೆ. ಒಮ್ಮೆ ಮಂಗನ ಹಿಂಡು ಬಂದು ಮೇಲೆ ಹಾರಿದಾಗ ನಾನು ಒಳಗೇ ಇದ್ದೆ. ಪಟ್ಟಿ ಬಗ್ಗಿತು, ಮುರಿಯಲಿಲ್ಲ. ಅದಕ್ಕೆ ಒಂದು ಅಂಕ ಜಾಸ್ತಿ.

ನಿಮ್ಮನೆ ಕಿಟಕಿಯಿಂದಲೇ ನೀರಿನ ಜಾಗ ಕಾಣುತ್ತದಾ? ಹಾಗಾದರೆ ಸುಮ್ನೆ ದುಡ್ಡು ಹಾಕಬೇಡಿ, ಕಿಟಕಿಗೆ ಸೀರೆ ಕಟ್ಟಿ ಕೂತುಕೊಳ್ಳಿ. ನನ್ನ ಹಾಗೆ ಹಿತ್ತಿಲ ಮೂಲೆಗೇ ಹೋಗಬೇಕು ಅನ್ನುವವರು ಕೊಳ್ಳಬಹುದು, ಕತ್ತರಿ ಕೈಯಲ್ಲಿರಲಿ. ನಂದು ಈಗ ಅಟ್ಟದಲ್ಲಿದೆ. ಮಡಚಲು ಯಾರೂ ಒಪ್ಪದ್ದರಿಂದ ಬಿಚ್ಚಿಕೊಂಡೇ ಕೂತಿದೆ.