ಜಿಬಿಐಎಫ್: ಬಿಎಸ್ಸಿ ಪ್ರಾಕ್ಟಿಕಲ್‌ಗೆ ಪುಕ್ಕಟೆ ಹರ್ಬೇರಿಯಂ

ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಅಂದರೆ ಎರಡು ಬೀರು, ಅದರಲ್ಲೊಂದಕ್ಕೆ ಹುಳ ಹತ್ತಿದೆ. ಹಾಗಾಗಿ ಟ್ಯಾಕ್ಸಾನಮಿ (ಗಿಡ ಗುರುತಿಸಿ ವರ್ಗೀಕರಿಸುವ) ಪ್ರಾಕ್ಟಿಕಲ್‌ಗೆ ಜಿಬಿಐಎಫ್, ಅಂದರೆ ಗ್ಲೋಬಲ್ ಬಯೋಡೈವರ್ಸಿಟಿ ಇನ್ಫರ್ಮೇಷನ್ ಫೆಸಿಲಿಟಿ, ಜಾಲತಾಣ ಹಿಡಿದಿದ್ದೇನೆ. ಜಗತ್ತಿನ ಮ್ಯೂಸಿಯಂ, ಹರ್ಬೇರಿಯಂಗಳ ದಾಖಲೆ ಒಂದೇ ಕಡೆ ಸಿಗುತ್ತದೆ, ಕಾಸು ಕೇಳುವುದಿಲ್ಲ.

ಗಿಡದ ಹೆಸರು ಹಾಕಿ ಸುಮ್ಮನೆ ಎಂಟರ್ ಒತ್ತಿದರೆ ಮಾತ್ರ ಕೆಟ್ಟಿರಿ. ಅಲ್ಲಿರುವ 300 ಕೋಟಿಗೂ ಮಿಕ್ಕ ದಾಖಲೆಗಳಲ್ಲಿ ಬಹುಪಾಲು ಹಕ್ಕಿ ನೋಡಿದವರು, ಫೋಟೊ ತೆಗೆದವರು ಹಾಕಿದ್ದು. ‘ಪ್ರಿಸರ್ವ್ಡ್ ಸ್ಪೆಸಿಮನ್’ (ಕಾಪಿಟ್ಟ ಮಾದರಿ) ಅನ್ನುವ ಫಿಲ್ಟರ್ ಆರಿಸಿ, ಚಿತ್ರ ಇರುವುದನ್ನಷ್ಟೇ ತೆರೆಯಿರಿ.

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ಅನುಕೂಲವಿದೆ. ಸಸ್ಯಶಾಸ್ತ್ರಜ್ಞ ಫಾದರ್ ಸಲ್ಡಾನ್ಹಾ ಮತ್ತು ಸಂಗಡಿಗರು ಇಲ್ಲಿ ಸುತ್ತಿ ಗಿಡ ಕೂಡಿಸಿದರು, 1976ರಲ್ಲಿ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಪುಸ್ತಕ ಬಂತು. ಆ ಕೆಲಸದಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆ ಜೊತೆಗಿತ್ತು, ಅದು ಈಗ ಒಣಗಿಡ ಅಂಟಿಸಿದ ತನ್ನ ಹಾಳೆಗಳ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದೆ. ನಮ್ಮ ಘಟ್ಟದ ಗಿಡ ನೋಡಲು ವಾಷಿಂಗ್ಟನ್ ಬಾಗಿಲು ತಟ್ಟಬೇಕೇ ಅಂತ ಬೇಸರವೂ ಆಗುತ್ತದೆ, ಇರಲಿ.

ಹಾಳೆಯನ್ನು ಜೂಮ್ ಮಾಡಿದಾಗಲೇ ಪಾಠ ಶುರು. ಒತ್ತಿ ಒಣಗಿಸಿದ ರೆಂಬೆ, ಅಂಚಿನಲ್ಲಿ ಅಳತೆಪಟ್ಟಿ, ಬಾರ್‌ಕೋಡ್, ಉದುರಿದ ಬೀಜ ತುಂಬಿಟ್ಟ ಪುಟ್ಟ ಕಾಗದದ ಲಕೋಟೆ. ಹೂವೆಲ್ಲ ಕಂದು. ಬಣ್ಣ ಬೇಕಿದ್ದರೆ ಲೇಬಲ್ ಓದಬೇಕು, ಸಂಗ್ರಹಿಸಿದವರು ಅಂದೇ ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಹುಡುಗರು ಫೀಲ್ಡ್ ನೋಟ್ಸ್ ಬರೆಯಲು ಮೈಗಳ್ಳತನ ಬಿಟ್ಟಿದ್ದು ಇದನ್ನು ಕಂಡ ಮೇಲೆ. ಕೆಲವು ಹಾಳೆಗಳಲ್ಲಿ ಹಳೆ ಹೆಸರಿನ ಪಕ್ಕ ಬೇರೆ ತಜ್ಞರು ಅಂಟಿಸಿದ ಹೊಸ ಚೀಟಿ ಇರುತ್ತದೆ. ಗಿಡದ ಹೆಸರು ಬದಲಾಗುವುದು ಏಕೆಂದು ನಾನು ಬೋರ್ಡ್ ಮೇಲೆ ಎಷ್ಟು ಬರೆದರೂ ತಲೆಗೆ ಹತ್ತದ್ದು ಆ ಚೀಟಿಯಿಂದ ಹತ್ತುತ್ತದೆ. ಕಕ್ಕೆ ಮರದ ಹಾಳೆಗಳ ದಿನಾಂಕ ಹೆಕ್ಕಿ, ಯಾವ ತಿಂಗಳಲ್ಲಿ ಹೂವಿತ್ತು ಅಂತ ಪಟ್ಟಿ ಮಾಡಿಸಿ ನೋಡಿ, ಒಳ್ಳೆಯ ಅಸೈನ್‌ಮೆಂಟ್.

ತೊಡಕುಗಳೂ ಇವೆ. 1973ಕ್ಕೆ ಮುಂಚಿನ ಲೇಬಲ್‌ಗಳಲ್ಲಿ ರಾಜ್ಯ ‘ಮೈಸೂರು’. ಒಬ್ಬ ಹುಡುಗಿ ಸಕಲೇಶಪುರದ ಮರವನ್ನು ಮೈಸೂರು ಜಿಲ್ಲೆಗೆ ಸಾಗಿಸಿದ್ದಳು. ಅಕ್ಷಾಂಶ ರೇಖಾಂಶ ಇಲ್ಲದ ಹಳೆ ಹಾಳೆಗಳು ನಕ್ಷೆಯಲ್ಲಿ ಕಾಣುವುದೇ ಇಲ್ಲ, ನಕ್ಷೆ ಖಾಲಿ ಅಂದರೆ ಗಿಡವೇ ಇಲ್ಲ ಅಂತ ಬರೆದುಬಿಡುತ್ತಾರೆ. ಕನ್ನಡದಲ್ಲಿ ಪುಟ ಇಲ್ಲ. ಅಂಡಾಶಯ ಕೊಯ್ದು ನೋಡಲು ಹಸಿ ಹೂವೇ ಬೇಕು, ಆ ಕೆಲಸ ಇದರಿಂದಾಗದು. ಜೀವಂತ ಗಿಡದ ಫೋಟೊ ಬೇಕಿದ್ದರೆ ಬೆಂಗಳೂರಿನ ಐಐಎಸ್ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ‘ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ’ ಜಾಲತಾಣವೇ ಮೇಲು.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಡೌನ್‌ಲೋಡ್‌ಗೆ: ಲಾಗಿನ್ ಆಗಬೇಕು, ಬರುವ ಸಿಎಸ್‌ವಿ (ಪಟ್ಟಿಯ ಪಠ್ಯ) ಕಡತದಲ್ಲಿ ಅಂಕಣ ಬೇರ್ಪಡಿಸಲು ಅಲ್ಪವಿರಾಮದ ಬದಲು ಟ್ಯಾಬ್ ಇರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್‌ನಲ್ಲಿ ಎಲ್ಲ ಕಲಸುಮೇಲೋಗರ. ‘ಡೇಟಾ’ ಮೆನುವಿನಿಂದ ಇಂಪೋರ್ಟ್ ಮಾಡಿ, ಟ್ಯಾಬ್ ಆರಿಸಿ.